ಕ್ವಾಜುಲು-ನಟಾಲ್ ಪ್ರಾಂತ್ಯದ ಭೂಗೋಳ ಮತ್ತು ಜನಸಂಖ್ಯೆ

ಕ್ವಾಜುಲು-ನಟಾಲ್ ದಕ್ಷಿಣ ಆಫ್ರಿಕಾ ಗಣರಾಜ್ಯದ ಒಂಬತ್ತು ಪ್ರಾಂತ್ಯಗಳಲ್ಲಿ ಒಂದು. ದೇಶದ ಪೂರ್ವ ಅಂಚಿನಲ್ಲಿ, ಹಿಂದೂ ಮಹಾಸಾಗರದ ತೀರದಲ್ಲಿ ಇದು ಹರಡಿಕೊಂಡಿದೆ. ಉತ್ತರದಲ್ಲಿ ಮೊಜಾಂಬಿಕ್ ಮತ್ತು ಎಸ್ವಾಟಿನಿ (ಹಿಂದಿನ ಸ್ವಾಜಿಲ್ಯಾಂಡ್), ಪಶ್ಚಿಮದಲ್ಲಿ ಲೆಸೊಥೊ, ಹೀಗೆ ಮೂರು ಸ್ವತಂತ್ರ ದೇಶಗಳ ಗಡಿ ಇದಕ್ಕೆ ತಾಗುತ್ತದೆ. ದೇಶದೊಳಗೆ ಎಂಪುಮಲಾಂಗಾ, ಫ್ರೀ ಸ್ಟೇಟ್ ಮತ್ತು ಈಸ್ಟರ್ನ್ ಕೇಪ್ ಪ್ರಾಂತ್ಯಗಳು ನೆರೆಯಲ್ಲಿವೆ. ವಿಸ್ತೀರ್ಣ 94,361 ಚದರ ಕಿಲೋಮೀಟರ್. ವಿಸ್ತೀರ್ಣದಲ್ಲಿ ಏಳನೆಯ ಸ್ಥಾನದಲ್ಲಿರುವ ಈ ಪ್ರಾಂತ್ಯ ಜನಸಂಖ್ಯೆಯಲ್ಲಿ ಮಾತ್ರ ಗೌಟೆಂಗ್ ನಂತರದ ಎರಡನೆಯ ಸ್ಥಾನವನ್ನು ಪಡೆದಿದೆ. ದೇಶದ ಭೂಭಾಗದ ಶೇ 8ಕ್ಕಿಂತ ಕಡಿಮೆ ನೆಲದಲ್ಲಿ ದೇಶದ ಐದನೆಯ ಒಂದು ಭಾಗದಷ್ಟು ಜನ ವಾಸಿಸುತ್ತಾರೆ. ಈ ಜನ ಎಲ್ಲೆಲ್ಲಿ ನೆಲೆಸಿದ್ದಾರೆ ಎಂಬುದನ್ನು ಮಳೆ, ಮಣ್ಣು, ನದಿಗಳಿಂದಷ್ಟೇ ವಿವರಿಸಲಾಗದು. ಕಳೆದ ನೂರೆಪ್ಪತ್ತು ವರ್ಷಗಳ ಭೂಕಾನೂನುಗಳೂ ಅದರಷ್ಟೇ ಮುಖ್ಯವಾದ ಕಾರಣಗಳಾಗಿವೆ.

ರಾಜಧಾನಿ ಪೀಟರ್‌ಮಾರಿಟ್ಜ್‌ಬರ್ಗ್. ಅತಿ ದೊಡ್ಡ ನಗರ ಮತ್ತು ಬಂದರು ಡರ್ಬನ್.

ಹೆಸರು

1497ರ ಕ್ರಿಸ್‌ಮಸ್ ಸಮಯದಲ್ಲಿ ಭಾರತದತ್ತ ಹೊರಟಿದ್ದ ವಾಸ್ಕೋ ಡ ಗಾಮ ಈ ತೀರವನ್ನು ಹಾದುಹೋಗುವಾಗ ಇದನ್ನು 'ನಟಾಲ್' ಎಂದು ಕರೆದನು. ಪೋರ್ಚುಗೀಸ್ ಭಾಷೆಯಲ್ಲಿ ಆ ಪದಕ್ಕೆ ಕ್ರಿಸ್‌ಮಸ್ ಎಂದೇ ಅರ್ಥ. 'ಕ್ವಾಜುಲು' ಎಂದರೆ ಜುಲು ಜನರ ಸ್ಥಳ. ವರ್ಣಭೇದ ನೀತಿಯ ಕಾಲದಲ್ಲಿ ಇವೆರಡೂ ಬೇರೆ ಬೇರೆ ಆಡಳಿತ ಘಟಕಗಳಾಗಿದ್ದವು. 1994ರ ಚುನಾವಣೆಯೊಂದಿಗೆ ಅವು ಒಂದಾದವು. ಹೆಸರಿನ ನಡುವೆ ಇರುವ ಅಡ್ಡಗೆರೆ ಆ ಜೋಡಣೆಯ ಗುರುತಾಗಿ ಉಳಿದಿದೆ.

ಇಲ್ಲಿನ ಸ್ಥಳನಾಮಗಳು ಓದುಗರಿಗೆ ತುಸು ಗೊಂದಲ ಉಂಟುಮಾಡಬಹುದು. ಒಂದೇ ನದಿ ಹಳೆಯ ನಕ್ಷೆಗಳಲ್ಲಿ 'ತುಗೇಲಾ' ಎಂದೂ ಹೊಸ ನಕ್ಷೆಗಳಲ್ಲಿ 'ಉಥುಕೆಲಾ' ಎಂದೂ ಕಾಣಿಸಿಕೊಳ್ಳುತ್ತದೆ. ಡರ್ಬನ್ ನಗರದ ಮಹಾಪಾಲಿಕೆಯ ಹೆಸರು 'ಎಥೆಕ್ವಿನಿ'. ವಸಾಹತು ಕಾಲದ ಬರಹರೂಪ ಮತ್ತು ಜುಲು ಭಾಷೆಯ ರೂಪ ಎರಡೂ ಇಂದಿಗೂ ಬಳಕೆಯಲ್ಲಿರುವುದೇ ಇದಕ್ಕೆ ಕಾರಣ.

ಭೂಸ್ವರೂಪ

ಪ್ರಾಂತ್ಯದ ನೆಲವು ಸಮುದ್ರದಿಂದ ಪಶ್ಚಿಮಕ್ಕೆ ಮೆಟ್ಟಿಲುಗಳಂತೆ ಏರುತ್ತ ಹೋಗುತ್ತದೆ. ಮೊದಲನೆಯದು ಕರಾವಳಿಯ ತಗ್ಗು ಪ್ರದೇಶ. ದಕ್ಷಿಣದಲ್ಲಿ ಇದು ಕಿರಿದಾದ ಪಟ್ಟಿ. ಗುಡ್ಡಗಳು ಸಮುದ್ರದ ಅಂಚಿನವರೆಗೂ ಬರುತ್ತವೆ. ಉತ್ತರಕ್ಕೆ ಹೋದಂತೆ ಅದು ಅಗಲವಾಗುತ್ತ ಮೊಜಾಂಬಿಕ್‌ನ ಮರಳು ಬಯಲಿಗೆ ಸೇರಿಕೊಳ್ಳುತ್ತದೆ. ಪೋರ್ಟ್ ಎಡ್ವರ್ಡ್ ಊರಿನಿಂದ ಮೊಜಾಂಬಿಕ್ ಗಡಿಯ ಕೋಸಿ ಬೇ ವರೆಗಿನ ತೀರರೇಖೆ ಸುಮಾರು 600 ಕಿ.ಮೀ. ಉದ್ದವಿದೆ.

ಎರಡನೆಯ ಮೆಟ್ಟಿಲು 'ಮಿಡ್‌ಲ್ಯಾಂಡ್ಸ್' ಎಂದು ಕರೆಯಲಾಗುವ ಒಳನಾಡು. ಅಲೆಯಲೆಯಾದ ಹುಲ್ಲುಗಾವಲು, ನದಿಗಳು ಕೊರೆದ ಆಳವಾದ ಕಣಿವೆಗಳು, ಹೈನುಗಾರಿಕೆಯ ದೊಡ್ಡ ಜಮೀನುಗಳು, ನೀಲಗಿರಿ ಮತ್ತು ಪೈನ್ ನೆಡುತೋಪುಗಳು ಇಲ್ಲಿನ ದೃಶ್ಯ. ಪೀಟರ್‌ಮಾರಿಟ್ಜ್‌ಬರ್ಗ್ ಮತ್ತು ಡರ್ಬನ್ ನಡುವೆ ಉಮ್‌ಂಗೇನಿ ನದಿ ಕೊರೆದಿರುವ 'ಸಾವಿರ ಬೆಟ್ಟಗಳ ಕಣಿವೆ' ಪ್ರವಾಸಿಗರಿಗೆ ಚಿರಪರಿಚಿತ. ಉತ್ತರದ ನ್ಯೂಕ್ಯಾಸಲ್ ಮತ್ತು ಡಂಡಿ ಪಟ್ಟಣಗಳ ಸುತ್ತಮುತ್ತ ಕಲ್ಲಿದ್ದಲು ನಿಕ್ಷೇಪಗಳಿವೆ.

ಮೂರನೆಯದು ಪಶ್ಚಿಮದ ಡ್ರೇಕನ್ಸ್‌ಬರ್ಗ್ ಪರ್ವತಶ್ರೇಣಿ. ಆಫ್ರಿಕಾನ್ಸ್ ಭಾಷೆಯ ಈ ಹೆಸರಿಗೆ 'ಡ್ರ್ಯಾಗನ್ ಪರ್ವತ' ಎಂದರ್ಥ. ಜುಲು ಭಾಷೆಯಲ್ಲಿ ಇದು 'ಉಖಾಹ್ಲಾಂಬಾ', ಅಂದರೆ ಈಟಿಗಳ ತಡೆಗೋಡೆ. ಕೆಳಗೆ ಮರಳುಗಲ್ಲು, ಅದರ ಮೇಲೆ ಸುಮಾರು 18 ಕೋಟಿ ವರ್ಷಗಳ ಹಿಂದೆ ಹರಿದ ಲಾವಾದಿಂದಾದ ಬಸಾಲ್ಟ್ ಪದರ, ಇದು ಈ ಶ್ರೇಣಿಯ ರಚನೆ. ಗಡಸಾದ ಬಸಾಲ್ಟ್ ಕಡಿದಾದ ಗೋಡೆಯಾಗಿ ನಿಂತಿದೆ. ಮೆದುವಾದ ಮರಳುಗಲ್ಲಿನಲ್ಲಿ ಸವೆತದಿಂದ ಗುಹೆಗಳೂ ಚಾಚುಬಂಡೆಗಳೂ ಉಂಟಾಗಿವೆ. ಲೆಸೊಥೊ ಗಡಿಯಲ್ಲಿರುವ 3,450 ಮೀಟರ್ ಎತ್ತರದ ಮಾಫಾಡಿ ದಕ್ಷಿಣ ಆಫ್ರಿಕಾದ ಅತ್ಯುನ್ನತ ಶಿಖರವಾಗಿದೆ.

ಈ ಚಾಚುಬಂಡೆಗಳ ಕೆಳಗೆ ಬೇಟೆ ಮತ್ತು ಆಹಾರ ಸಂಗ್ರಹಣೆಯಿಂದ ಬದುಕುತ್ತಿದ್ದ ಸಾನ್ ಜನರು ಸಾವಿರಾರು ವರ್ಷಗಳ ಅವಧಿಯಲ್ಲಿ ಬಿಡಿಸಿದ ಚಿತ್ರಗಳಿವೆ. ಸುಮಾರು 600 ನೆಲೆಗಳಲ್ಲಿ 35,000 ಚಿತ್ರಗಳನ್ನು ಗುರುತಿಸಲಾಗಿದೆ. ಇಲ್ಯಾಂಡ್ ಜಿಂಕೆ ಅವುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. 2000ರಲ್ಲಿ ಯುನೆಸ್ಕೊ ಈ ಪರ್ವತ ಉದ್ಯಾನವನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಚಿತ್ರಗಳನ್ನು ಬಿಡಿಸಿದವರಾದರೋ ಪ್ರತ್ಯೇಕ ಸಮುದಾಯವಾಗಿ ಇಲ್ಲಿ ಉಳಿದಿಲ್ಲ. 19ನೆಯ ಶತಮಾನದಲ್ಲಿ ಬಿಳಿಯ ರೈತರೊಂದಿಗೆ ಜಾನುವಾರುಗಳ ವಿಷಯದಲ್ಲಿ ನಡೆದ ಸಂಘರ್ಷಗಳಲ್ಲಿ ಅವರ ಸಂಖ್ಯೆ ಕುಗ್ಗಿತು. ಉಳಿದವರು ನೆರೆಯ ಬಾಂಟು ಭಾಷಿಕರಲ್ಲಿ ಬೆರೆತುಹೋದರು. ಜುಲು ಮತ್ತು ಖೋಸಾ ಭಾಷೆಗಳಲ್ಲಿ ಕೇಳಿಬರುವ ಲೊಚಗುಟ್ಟುವ ವ್ಯಂಜನಗಳು ಸಾನ್ ಮತ್ತು ಖೊಯಿ ಭಾಷೆಗಳ ಸಂಪರ್ಕದಿಂದ ಬಂದವು.

ನದಿಗಳು ಮತ್ತು ನೀರಿನ ಹಂಚಿಕೆ

ಡ್ರೇಕನ್ಸ್‌ಬರ್ಗ್‌ನಿಂದ ಸಮುದ್ರಕ್ಕೆ ಇರುವ ಅಂತರ ಕಡಿಮೆ, ಇಳಿಜಾರು ಹೆಚ್ಚು. ಆದುದರಿಂದ ನದಿಗಳು ಗಿಡ್ಡವೂ ರಭಸವುಳ್ಳವೂ ಆಗಿವೆ. ಅವುಗಳಲ್ಲಿ ದೊಡ್ಡದು ಸುಮಾರು 500 ಕಿ.ಮೀ. ಉದ್ದದ ತುಗೇಲಾ. ಮೊಂಟ್-ಓ-ಸೋರ್ಸ್ ಪ್ರಸ್ಥಭೂಮಿಯಲ್ಲಿ ಹುಟ್ಟುವ ಈ ನದಿ, ಆರಂಭದಲ್ಲಿಯೇ 900 ಮೀಟರಿಗೂ ಹೆಚ್ಚಿನ ಎತ್ತರದಿಂದ ಹಲವು ಹಂತಗಳಲ್ಲಿ ಧುಮುಕಿ ಜಗತ್ತಿನ ಅತಿ ಎತ್ತರದ ಜಲಪಾತಗಳಲ್ಲಿ ಒಂದನ್ನು ನಿರ್ಮಿಸುತ್ತದೆ. 1843ರ ನಂತರ ಬ್ರಿಟಿಷ್ ನಟಾಲ್ ವಸಾಹತು ಮತ್ತು ಜುಲು ರಾಜ್ಯದ ನಡುವಿನ ಗಡಿಯೂ ಇದೇ ಆಗಿತ್ತು.

ತುಗೇಲಾದ ನೀರೆಲ್ಲವೂ ಈ ಪ್ರಾಂತ್ಯಕ್ಕೆ ಉಳಿಯುವುದಿಲ್ಲ. 1970ರ ದಶಕದಲ್ಲಿ ರೂಪುಗೊಂಡ ತುಗೇಲಾ-ವಾಲ್ ಯೋಜನೆಯಂತೆ ನದಿಯ ಮೇಲ್ಭಾಗದ ನೀರನ್ನು ಪಂಪುಗಳ ಮೂಲಕ ಪರ್ವತದ ಆಚೆಗೆ ಏರಿಸಿ, ಫ್ರೀ ಸ್ಟೇಟ್‌ನ ಸ್ಟರ್ಕ್‌ಫಾಂಟೇನ್ ಜಲಾಶಯದಲ್ಲಿ ಸಂಗ್ರಹಿಸಲಾಗುತ್ತದೆ. ವಾಲ್ ನದಿಯಲ್ಲಿ ನೀರು ಕಡಿಮೆಯಾದಾಗ ಅದನ್ನು ಜೋಹಾನ್ಸ್‌ಬರ್ಗ್ ಸುತ್ತಲಿನ ಕೈಗಾರಿಕಾ ವಲಯಕ್ಕಾಗಿ ಬಿಡುತ್ತಾರೆ. ಇದೇ ಏರಿಳಿತದಿಂದ ವಿದ್ಯುತ್ತನ್ನೂ ಉತ್ಪಾದಿಸಲಾಗುತ್ತದೆ. ಇತ್ತ ಡರ್ಬನ್ ಮತ್ತು ಪೀಟರ್‌ಮಾರಿಟ್ಜ್‌ಬರ್ಗ್ ನಗರಗಳು ಬಹುಮಟ್ಟಿಗೆ ಚಿಕ್ಕದಾದ ಉಮ್‌ಂಗೇನಿ ನದಿಯ ಮಿಡ್‌ಮಾರ್, ಆಲ್ಬರ್ಟ್ ಫಾಲ್ಸ್, ನೇಗಲ್ ಮತ್ತು ಇನಂಡಾ ಜಲಾಶಯಗಳನ್ನೇ ಅವಲಂಬಿಸಿವೆ.

ಮಳೆ ಚೆನ್ನಾಗಿ ಬೀಳುವ ಪ್ರಾಂತ್ಯದಲ್ಲಿಯೂ ನಲ್ಲಿ ನೀರು ಎಲ್ಲರಿಗೂ ತಲಪುತ್ತದೆ ಎನ್ನಲಾಗದು. 2000ದ ಆಗಸ್ಟ್‌ನಲ್ಲಿ ಎಂಪಾಂಗೇನಿ ಬಳಿ ಕಾಣಿಸಿಕೊಂಡ ಕಾಲರಾ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ತಟ್ಟಿ, 200ಕ್ಕೂ ಹೆಚ್ಚು ಜೀವಗಳನ್ನು ಬಲಿ ತೆಗೆದುಕೊಂಡಿತು. ಅದಕ್ಕೆ ಮುನ್ನ ಆ ಭಾಗದಲ್ಲಿ ಉಚಿತವಾಗಿದ್ದ ನಲ್ಲಿಗಳಿಗೆ ಮುಂಗಡ ಹಣ ಕಟ್ಟಿಸಿಕೊಳ್ಳುವ ಮೀಟರುಗಳನ್ನು ಅಳವಡಿಸಲಾಗಿತ್ತು. ಹಣ ಕಟ್ಟಲಾಗದವರು ನದಿಯ ನೀರನ್ನೇ ಕುಡಿಯತೊಡಗಿದ್ದು ರೋಗ ಹರಡಲು ಕಾರಣವಾಯಿತೆಂದು ಹಲವು ಅಧ್ಯಯನಕಾರರು ಅಭಿಪ್ರಾಯಪಟ್ಟಿದ್ದಾರೆ.

ಹವಾಗುಣ

ಮೊಜಾಂಬಿಕ್ ಕಡೆಯಿಂದ ದಕ್ಷಿಣಕ್ಕೆ ಹರಿಯುವ ಬೆಚ್ಚನೆಯ ಅಗುಲ್ಹಾಸ್ ಸಾಗರ ಪ್ರವಾಹದಿಂದಾಗಿ ಕರಾವಳಿಯು ವರ್ಷವಿಡೀ ಆರ್ದ್ರವೂ ಹಿತಕರವೂ ಆಗಿರುತ್ತದೆ. ಡರ್ಬನ್‌ನಲ್ಲಿ ವಾರ್ಷಿಕ ಮಳೆ ಸುಮಾರು 1,000 ಮಿ.ಮೀ.; ಅದರ ಹೆಚ್ಚಿನ ಭಾಗ ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಬೇಸಿಗೆಯಲ್ಲಿ ಬೀಳುತ್ತದೆ. ದಕ್ಷಿಣಾರ್ಧ ಗೋಳವಾದ್ದರಿಂದ ನಮ್ಮ ಚಳಿಗಾಲವೇ ಅಲ್ಲಿನ ಬೇಸಿಗೆ ಎಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು. ಪರ್ವತಗಳಲ್ಲಿ ಜೂನ್-ಆಗಸ್ಟ್ ನಡುವೆ ಹಿಮ ಬೀಳುತ್ತದೆ. ತುಗೇಲಾದ ಆಳವಾದ ಮಧ್ಯ ಕಣಿವೆ ಮಾತ್ರ ಬಿಸಿಯಾಗಿ, ಒಣಗಿ, ಮುಳ್ಳುಪೊದೆಗಳಿಂದ ತುಂಬಿದೆ.

ಇಳಿಜಾರು ನೆಲ ಮತ್ತು ರಭಸದ ಮಳೆ ಸೇರಿದಾಗ ಪ್ರವಾಹಗಳು ಭೀಕರವಾಗುತ್ತವೆ. 1984ರ ಡೊಮೊಯಿನಾ ಚಂಡಮಾರುತ ಉತ್ತರ ಭಾಗವನ್ನು ಧ್ವಂಸಗೊಳಿಸಿತು. 1987ರ ಸೆಪ್ಟೆಂಬರ್ ಪ್ರವಾಹದಲ್ಲಿ ನೂರಾರು ಜನ ಸತ್ತರು. 2022ರ ಏಪ್ರಿಲ್ 11-12ರಂದು ಡರ್ಬನ್ ಸುತ್ತಲಿನ ಕೆಲವೆಡೆ 24 ಗಂಟೆಗಳಲ್ಲಿ 300 ಮಿ.ಮೀ.ಗಿಂತ ಹೆಚ್ಚು ಮಳೆ ಸುರಿದು, 400ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಸುಮಾರು 40,000 ಜನ ನಿರಾಶ್ರಿತರಾದರು. ಈ ಸಾವುಗಳು ನಗರದೆಲ್ಲೆಡೆ ಸಮನಾಗಿ ಸಂಭವಿಸಲಿಲ್ಲ. ನದಿದಂಡೆಗಳಲ್ಲಿ ಮತ್ತು ಕಡಿದಾದ ಇಳಿಜಾರುಗಳಲ್ಲಿ ತಗಡು-ಮಣ್ಣಿನಿಂದ ಕಟ್ಟಿಕೊಂಡ ಗುಡಿಸಲು ಬಡಾವಣೆಗಳೇ ಹೆಚ್ಚಾಗಿ ಕೊಚ್ಚಿಹೋದವು. ಅಲ್ಲಿ ಜನ ಏಕೆ ವಾಸಿಸುತ್ತಿದ್ದರು ಎಂಬ ಪ್ರಶ್ನೆಗೆ ಉತ್ತರ ಹವಾಮಾನದಲ್ಲಿಲ್ಲ. ಅದನ್ನು ಮುಂದೆ ವಿವರಿಸಲಾಗಿದೆ.

ಉತ್ತರದ ಜೌಗುಭೂಮಿ ಮತ್ತು ವನ್ಯಜೀವಿಗಳು

ಸೇಂಟ್ ಲೂಸಿಯಾ ಅಳಿವೆಯನ್ನು ಒಳಗೊಂಡ ಇಸಿಮಂಗಲೀಸೊ ಜೌಗುಭೂಮಿ ಉದ್ಯಾನವು 1999ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನೀರಾನೆ, ಮೊಸಳೆ, ಕಡಲಾಮೆ, ಹವಳದ ದಿಬ್ಬಗಳು ಇಲ್ಲಿವೆ. ಇಲ್ಲಿನ ಮರಳು ದಿಬ್ಬಗಳಲ್ಲಿ ಟೈಟಾನಿಯಂ ಗಣಿಗಾರಿಕೆ ನಡೆಸುವ ಪ್ರಸ್ತಾವವನ್ನು ದೀರ್ಘ ವಿವಾದದ ನಂತರ 1996ರಲ್ಲಿ ಸರ್ಕಾರ ತಿರಸ್ಕರಿಸಿತು. ದೇಶದ ಅತಿ ದೊಡ್ಡ ಸಿಹಿನೀರಿನ ಸಹಜ ಸರೋವರವಾದ ಸಿಬಾಯಾ ಕೂಡ ಈ ಭಾಗದಲ್ಲಿಯೇ ಇದೆ. 1895ರಲ್ಲಿ ರಕ್ಷಿತವೆಂದು ಘೋಷಿತವಾದ ಹ್ಲುಹ್ಲುವೆ-ಇಮ್‌ಫೊಲೊಜಿ ಅರಣ್ಯವು ಅಳಿವಿನಂಚಿಗೆ ಬಂದಿದ್ದ ದಕ್ಷಿಣದ ಬಿಳಿ ಘೇಂಡಾಮೃಗದ ಕೊನೆಯ ಆಸರೆಯಾಗಿತ್ತು. ಇಂದು ಜಗತ್ತಿನ ಬೇರೆಡೆಗಳಲ್ಲಿರುವ ಆ ತಳಿಯ ಘೇಂಡಾಮೃಗಗಳು ಇಲ್ಲಿಂದ ಹೋದವುಗಳ ಸಂತತಿ. ಕಳ್ಳಬೇಟೆಯ ಹಾವಳಿಯಿಂದಾಗಿ 2024ರಲ್ಲಿ ಇಲ್ಲಿನ ಘೇಂಡಾಮೃಗಗಳ ಕೊಂಬುಗಳನ್ನು ಕತ್ತರಿಸುವ ಕಾರ್ಯ ಆರಂಭವಾಯಿತು.

ಜನಸಂಖ್ಯೆ

2011ರ ಜನಗಣತಿಯಲ್ಲಿ 1,02,67,300 ಇದ್ದ ಪ್ರಾಂತ್ಯದ ಜನಸಂಖ್ಯೆ 2022ರ ಗಣತಿಯ ವೇಳೆಗೆ ಸುಮಾರು 1.24 ಕೋಟಿಯಾಯಿತು. ಚದರ ಕಿಲೋಮೀಟರಿಗೆ ಸುಮಾರು 130 ಜನರ ಸಾಂದ್ರತೆಯಿದೆ. 2022ರ ಗಣತಿಯ ಅಂಕಿಗಳನ್ನು ಬಳಸುವಾಗ ಒಂದು ಎಚ್ಚರ ಅಗತ್ಯ: ದೇಶದಾದ್ಯಂತ ಶೇ 31ರಷ್ಟು ಜನ ಎಣಿಕೆಯಿಂದ ತಪ್ಪಿಹೋಗಿದ್ದರೆಂದು ಗಣತಿಯ ನಂತರದ ಸಮೀಕ್ಷೆಯಲ್ಲಿ ತಿಳಿದುಬಂದುದರಿಂದ, ಪ್ರಕಟವಾದ ಸಂಖ್ಯೆಗಳು ಅದಕ್ಕೆ ತಕ್ಕಂತೆ ಸರಿಹೊಂದಿಸಿದ ಅಂದಾಜುಗಳಾಗಿವೆ. ಈ ಕಾರಣದಿಂದ ಮುಂದಿನ ಪ್ರಮಾಣಗಳನ್ನು 2011ರ ಗಣತಿಯಿಂದ ಕೊಡಲಾಗಿದೆ.

ಆ ಗಣತಿಯಂತೆ ಕಪ್ಪು ಆಫ್ರಿಕನ್ನರು ಶೇ 86.8, ಭಾರತೀಯ ಅಥವಾ ಏಷ್ಯಾ ಮೂಲದವರು ಶೇ 7.4, ಬಿಳಿಯರು ಶೇ 4.2, 'ಕಲರ್ಡ್' ಎಂದು ವರ್ಗೀಕೃತರಾದ ಮಿಶ್ರ ಮೂಲದವರು ಶೇ 1.4. ಈ ವರ್ಗಗಳು ವರ್ಣಭೇದದ ಕಾಲದಿಂದ ಬಂದವು. ಅಸಮಾನತೆಯನ್ನು ಅಳೆಯುವ ಉದ್ದೇಶದಿಂದ ಇಂದಿನ ಗಣತಿಯೂ ಅವುಗಳನ್ನು ಉಳಿಸಿಕೊಂಡಿದೆ. ಉತ್ತರಿಸುವವರು ತಮ್ಮ ವರ್ಗವನ್ನು ತಾವೇ ಹೇಳುತ್ತಾರೆ.

ಮನೆಭಾಷೆಯಾಗಿ ಜುಲು ಶೇ 77.8, ಇಂಗ್ಲಿಷ್ ಶೇ 13.2, ಖೋಸಾ ಶೇ 3.4, ಆಫ್ರಿಕಾನ್ಸ್ ಶೇ 1.6ರಷ್ಟು ಜನರಿಗೆ ಇದೆ. ಇಂಗ್ಲಿಷ್ ಮನೆಮಾತಿನವರ ಸಂಖ್ಯೆ ಬಿಳಿಯರ ಸಂಖ್ಯೆಗಿಂತ ಮೂರು ಪಟ್ಟು ಹೆಚ್ಚಿರುವುದಕ್ಕೆ ಕಾರಣ ಭಾರತೀಯ ಮೂಲದವರು. ಅವರಲ್ಲಿ ಬಹುಪಾಲು ಜನರ ಮನೆಮಾತು ಈಗ ಇಂಗ್ಲಿಷೇ ಆಗಿದೆ.

ಎಥೆಕ್ವಿನಿ ಮಹಾನಗರವೊಂದರಲ್ಲಿಯೇ ಸುಮಾರು 42 ಲಕ್ಷ ಜನ, ಎಂದರೆ ಪ್ರಾಂತ್ಯದ ಮೂರನೆಯ ಒಂದು ಭಾಗ ಇದ್ದಾರೆ. ಪೀಟರ್‌ಮಾರಿಟ್ಜ್‌ಬರ್ಗ್, ಕಲ್ಲಿದ್ದಲು ರಫ್ತಿನ ಬಂದರಾದ ರಿಚರ್ಡ್ಸ್ ಬೇ, ನ್ಯೂಕ್ಯಾಸಲ್, ಲೇಡಿಸ್ಮಿತ್ ಇತರ ಮುಖ್ಯ ಪಟ್ಟಣಗಳು. ಗ್ರಾಮಾಂತರ ಪ್ರದೇಶದಲ್ಲಿ ಮನೆಗಳು ಒತ್ತೊತ್ತಾಗಿ ಸೇರಿದ ಊರುಗಳು ಸಾಂಪ್ರದಾಯಿಕವಾಗಿ ಇರಲಿಲ್ಲ. 'ಉಮುಜಿ' ಎಂಬ ಕುಟುಂಬ ನೆಲೆಗಳು, ಅಂದರೆ ದೊಡ್ಡಿಯ ಸುತ್ತ ಕಟ್ಟಿದ ಕೆಲವೇ ಗುಡಿಸಲುಗಳು, ಗುಡ್ಡದ ಬೆನ್ನಿನಲ್ಲಿ ಚದುರಿಕೊಂಡಿರುವುದೇ ಇಲ್ಲಿನ ವಾಡಿಕೆ.

ಭೂಮಿ ಮತ್ತು ಜನವಸತಿ

ಬಾಂಟು ಭಾಷೆಗಳನ್ನಾಡುವ ಕೃಷಿಕರು ಸುಮಾರು 1,500 ವರ್ಷಗಳಿಗೂ ಹಿಂದೆಯೇ ಈ ನೆಲದಲ್ಲಿ ನೆಲೆಸಿದ್ದರು. 19ನೆಯ ಶತಮಾನದ ಆರಂಭದಲ್ಲಿ ಶಾಕಾ ಅರಸನು ಚಿಕ್ಕ ಚಿಕ್ಕ ನಾಯಕತ್ವಗಳನ್ನು ಒಗ್ಗೂಡಿಸಿ ಜುಲು ರಾಜ್ಯವನ್ನು ಕಟ್ಟಿದನು. ಕೇಪ್ ಪ್ರದೇಶದಿಂದ ವಲಸೆ ಬಂದ ಬೋಯರ್ ಜನರು ತುಗೇಲಾದ ದಕ್ಷಿಣಕ್ಕೆ 1839ರಲ್ಲಿ ಸ್ಥಾಪಿಸಿದ ಗಣರಾಜ್ಯವು 1843ರಲ್ಲಿ ಬ್ರಿಟಿಷರ ವಶವಾಯಿತು.

ನಟಾಲ್ ವಸಾಹತಿನ ಅಧಿಕಾರಿ ಥಿಯೊಫಿಲಸ್ ಶೆಪ್‌ಸ್ಟನ್ 1840ರ ದಶಕದಲ್ಲಿ ಆಫ್ರಿಕನ್ನರಿಗಾಗಿ 'ಲೊಕೇಶನ್' ಎಂಬ ಮೀಸಲು ಪ್ರದೇಶಗಳನ್ನು ಗುರುತಿಸಲು ಆರಂಭಿಸಿದನು. ಇಂದಿನ ಜನವಸತಿಯ ನಕ್ಷೆಗೆ ಮೊದಲ ಗೆರೆಗಳು ಬಿದ್ದುದು ಆಗಲೇ. ಸಮತಟ್ಟಾದ, ನೀರಾವರಿಯುಳ್ಳ ನೆಲ ಬಹುಪಾಲು ವಲಸಿಗರ ಜಮೀನಾಯಿತು. ಕಡಿದಾದ ಕಣಿವೆಗಳು ಮೀಸಲು ಪ್ರದೇಶಗಳಾದವು. 1879ರ ಯುದ್ಧದಲ್ಲಿ ಜುಲು ಸೇನೆ ಇಸಾಂಡ್ಲ್ವಾನದಲ್ಲಿ ಬ್ರಿಟಿಷರನ್ನು ಸೋಲಿಸಿದರೂ ಕೊನೆಗೆ ರಾಜ್ಯ ಉಳಿಯಲಿಲ್ಲ. 1887ರಲ್ಲಿ ಬ್ರಿಟಿಷ್ ಪ್ರದೇಶವಾದ ಜುಲುಲ್ಯಾಂಡನ್ನು 1897ರಲ್ಲಿ ನಟಾಲ್‌ಗೆ ಸೇರಿಸಲಾಯಿತು. ಮುಂದಿನ ದಶಕದಲ್ಲಿ ಅದರ ಫಲವತ್ತಾದ ಕರಾವಳಿ ಭಾಗವನ್ನು ಬಿಳಿಯರ ಕಬ್ಬಿನ ತೋಟಗಳಿಗೆ ತೆರೆಯಲಾಯಿತು.

1913ರ ಭೂ ಕಾಯ್ದೆ ಈ ವಿಭಜನೆಯನ್ನು ಇಡೀ ದೇಶಕ್ಕೆ ಅನ್ವಯಿಸಿತು. ಬಹುಸಂಖ್ಯಾತರಾದ ಕಪ್ಪು ಜನರಿಗೆ ದೇಶದ ಶೇ 7ರಷ್ಟು ಭೂಮಿ ಮೀಸಲಾಯಿತು. 1936ರಲ್ಲಿ ಆ ಮಿತಿಯನ್ನು ಸುಮಾರು ಶೇ 13ಕ್ಕೆ ಏರಿಸಲಾಯಿತು. ಮೀಸಲಿನ ಹೊರಗೆ ಅವರು ಭೂಮಿ ಕೊಳ್ಳುವಂತಿರಲಿಲ್ಲ. ಹೊಲದಿಂದ ಹೊಟ್ಟೆ ತುಂಬದ ಗಂಡಸರು ಜೋಹಾನ್ಸ್‌ಬರ್ಗ್‌ನ ಚಿನ್ನದ ಗಣಿಗಳಿಗೆ ತಿಂಗಳುಗಟ್ಟಲೆ ದುಡಿಯಲು ಹೋದರು. ಹಳ್ಳಿಗಳಲ್ಲಿ ಮಹಿಳೆಯರು, ಮಕ್ಕಳು, ವೃದ್ಧರು ಉಳಿದರು. ಪ್ರಾಂತ್ಯದ ಗ್ರಾಮೀಣ ಜಿಲ್ಲೆಗಳಲ್ಲಿ ಇಂದಿಗೂ ಪುರುಷರಿಗಿಂತ ಮಹಿಳೆಯರ ಸಂಖ್ಯೆ ಹೆಚ್ಚಾಗಿರುವುದರಲ್ಲಿ ಈ ಪದ್ಧತಿಯ ಛಾಯೆಯಿದೆ.

1977ರಲ್ಲಿ ಸ್ವಯಮಾಡಳಿತ ಪಡೆದ ಕ್ವಾಜುಲು 'ತಾಯ್ನಾಡು' ಒಂದೇ ಅಖಂಡ ಪ್ರದೇಶವಾಗಿರಲಿಲ್ಲ. ನಟಾಲ್‌ನ ಒಡಲಿನಲ್ಲಿ ಚದುರಿದ ಹತ್ತಾರು ತುಂಡುಗಳ ಒಟ್ಟು ಹೆಸರಾಗಿತ್ತು. 'ಬಿಳಿಯರ ಪ್ರದೇಶ'ದ ನಡುವೆ 1913ಕ್ಕಿಂತ ಮೊದಲೇ ಕಪ್ಪು ರೈತರು ಹಣ ಕೊಟ್ಟು ಕೊಂಡಿದ್ದ ಜಮೀನುಗಳನ್ನು 'ಕಪ್ಪು ಚುಕ್ಕೆಗಳು' ಎಂದು ಕರೆದು ತೆರವುಗೊಳಿಸಲಾಯಿತು. ಲೇಡಿಸ್ಮಿತ್ ಬಳಿಯ ರೂಸ್‌ಬೂಮ್ ಅಂತಹ ಒಂದು ಊರು. 1970ರ ದಶಕದ ಮಧ್ಯದಲ್ಲಿ ಅದರ ನಿವಾಸಿಗಳನ್ನು ಎಜಾಖೇನಿ ಎಂಬ ಬಡಾವಣೆಗೆ ಸಾಗಿಸಲಾಯಿತು. 1990ರ ದಶಕದಲ್ಲಿ ಅವರಲ್ಲಿ ಹಲವರು ತಮ್ಮ ನೆಲಕ್ಕೆ ಮರಳಿದರು.

ಡರ್ಬನ್ ನಗರದಲ್ಲಿ 1950ರ ಗುಂಪು ಪ್ರದೇಶಗಳ ಕಾಯ್ದೆ ಇದೇ ಕೆಲಸವನ್ನು ಮಾಡಿತು. ನಗರಕ್ಕೆ ಹತ್ತಿರದ ಕೇಟೊ ಮೇನರ್‌ನಲ್ಲಿ ಭಾರತೀಯ ತರಕಾರಿ ಬೆಳೆಗಾರರ ಜಮೀನುಗಳೂ ಆಫ್ರಿಕನ್ ಬಾಡಿಗೆದಾರರ ಗುಡಿಸಲುಗಳೂ ಒತ್ತೊತ್ತಾಗಿ ಇದ್ದವು. ಆ ಬಡಾವಣೆಯನ್ನು ತೆರವುಗೊಳಿಸಿ ಆಫ್ರಿಕನ್ನರನ್ನು ಕ್ವಾಮಾಶು ಮತ್ತು ಉಮ್ಲಾಜಿಗೂ, ಭಾರತೀಯರನ್ನು ಚಾಟ್ಸ್‌ವರ್ತ್‌ಗೂ ಕಳುಹಿಸಲಾಯಿತು. ನಂತರ ಭಾರತೀಯರಿಗಾಗಿಯೇ ಫೀನಿಕ್ಸ್ ಬಡಾವಣೆ ಬಂದಿತು. ಉಮ್ಲಾಜಿ ಡರ್ಬನ್‌ಗೆ ಅಂಟಿಕೊಂಡಿದ್ದರೂ ಕಾಗದದ ಮೇಲೆ ಕ್ವಾಜುಲುವಿಗೆ ಸೇರಿತ್ತು. ಅಲ್ಲಿನ ಕಾರ್ಮಿಕರು ಪ್ರತಿದಿನ ಒಂದು ರಾಜಕೀಯ ಗಡಿಯನ್ನು ದಾಟಿ ಕೆಲಸಕ್ಕೆ ಹೋಗಿಬರುತ್ತಿದ್ದರು. ಓಡಾಟದ ಮೇಲಿನ ನಿರ್ಬಂಧಗಳು 1986ರಲ್ಲಿ ರದ್ದಾದ ಮೇಲೆ ಹಳ್ಳಿಗಳಿಂದ ಬಂದವರಿಗೆ, ಮತ್ತು 1980-90ರ ದಶಕಗಳ ರಾಜಕೀಯ ಹಿಂಸೆಯಿಂದ ಓಡಿಬಂದವರಿಗೆ, ದೊರೆತದ್ದು ಯಾರೂ ಮನೆ ಕಟ್ಟದೆ ಬಿಟ್ಟಿದ್ದ ಜಾಗಗಳು: ಹೊಳೆಯ ದಂಡೆ, ಕುಸಿಯುವ ಇಳಿಜಾರು. 2022ರಲ್ಲಿ ನೀರು ನುಗ್ಗಿದ್ದು ಇಂತಹ ಜಾಗಗಳಿಗೆ.

1994ರ ಚುನಾವಣೆಗೆ ಕೆಲವೇ ದಿನಗಳ ಮೊದಲು ಹಳೆಯ ಕ್ವಾಜುಲುವಿನ ಭೂಮಿಯನ್ನು 'ಇಂಗೊನ್ಯಾಮ ಟ್ರಸ್ಟ್' ಎಂಬ ನ್ಯಾಸಕ್ಕೆ ವಹಿಸಲಾಯಿತು. ಜುಲು ಅರಸನೇ ಇದರ ಏಕೈಕ ಧರ್ಮದರ್ಶಿ. ಸುಮಾರು 28 ಲಕ್ಷ ಹೆಕ್ಟೇರ್, ಅಂದರೆ ಪ್ರಾಂತ್ಯದ ಶೇ 30ರಷ್ಟು ನೆಲ ಇದರ ಅಧೀನದಲ್ಲಿದೆ. ತಲೆಮಾರುಗಳಿಂದ ಅಲ್ಲಿಯೇ ಬದುಕುತ್ತಿದ್ದವರು ಬಾಡಿಗೆ ಗುತ್ತಿಗೆಗೆ ಸಹಿ ಹಾಕಬೇಕೆಂದು ಟ್ರಸ್ಟ್ ಕೇಳತೊಡಗಿದಾಗ ವಿಷಯ ನ್ಯಾಯಾಲಯಕ್ಕೆ ಹೋಯಿತು. ಆ ಗುತ್ತಿಗೆಗಳು ಕಾನೂನುಬಾಹಿರವೆಂದು ಪೀಟರ್‌ಮಾರಿಟ್ಜ್‌ಬರ್ಗ್ ಉಚ್ಚ ನ್ಯಾಯಾಲಯ 2021ರ ಜೂನ್‌ನಲ್ಲಿ ತೀರ್ಪು ನೀಡಿತು. ಸಾಂಪ್ರದಾಯಿಕ ಭೂಮಿಯನ್ನು ವೈಯಕ್ತಿಕ ಹಕ್ಕಾಗಿಸಬೇಕೆನ್ನುವವರೂ, ಹಾಗೆ ಮಾಡಿದರೆ ಬಡವರು ಅದನ್ನು ಮಾರಿ ಬರಿಗೈಯಾಗುವರೆನ್ನುವವರೂ ಇದ್ದಾರೆ; ಎರಡು ಆತಂಕಗಳಿಗೂ ಆಧಾರವಿದೆ.

ಭಾರತೀಯ ಮೂಲದ ಜನರು

ಕಬ್ಬಿನ ತೋಟಗಳಿಗೆ ಕೂಲಿಗಳು ಬೇಕಾದಾಗ ನಟಾಲ್ ಸರ್ಕಾರ ಭಾರತದತ್ತ ನೋಡಿತು. ಮದ್ರಾಸಿನಿಂದ ಹೊರಟ 'ಟ್ರೂರೊ' ಹಡಗು 1860ರ ನವೆಂಬರ್ 16ರಂದು ಡರ್ಬನ್ ತಲಪಿತು. 1911ರವರೆಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಐದು ವರ್ಷಗಳ ಕರಾರಿನ ಮೇಲೆ ಇಲ್ಲಿಗೆ ಬಂದರು. ಹೆಚ್ಚಿನವರು ಮದ್ರಾಸ್ ಪ್ರಾಂತ್ಯದ ತಮಿಳು ಮತ್ತು ತೆಲುಗು ಭಾಷಿಕರು; ಉಳಿದವರು ಕಲ್ಕತ್ತೆಯ ಮೂಲಕ ಬಂದ ಭೋಜ್‌ಪುರಿ, ಅವಧಿ ಭಾಷಿಕರು. ಸ್ವಂತ ಖರ್ಚಿನಲ್ಲಿ ಬಂದ ಗುಜರಾತಿ ವರ್ತಕರದು ಬೇರೆಯೇ ಒಂದು ಪದರ. ಇಂದು ಡರ್ಬನ್‌ನ ದೂರವಾಣಿ ಪುಸ್ತಕದಲ್ಲಿ ಕಾಣುವ 'ನಾಯ್ಡೂ', 'ಪಿಳ್ಳೈ', 'ಮೂಡ್ಲಿ' ಎಂಬ ಹೆಸರುಗಳಲ್ಲಿ ನಾಯ್ಡು, ಪಿಳ್ಳೆ, ಮೊದಲಿಯಾರ್‌ಗಳನ್ನು ಗುರುತಿಸುವುದು ದಕ್ಷಿಣ ಭಾರತದ ಓದುಗರಿಗೆ ಕಷ್ಟವಾಗದು. ಊರಲ್ಲಿ ಜಾತಿ ಸೂಚಕವಾಗಿದ್ದ ಪದ ಹಡಗಿನ ದಫ್ತರದಲ್ಲಿ ಕುಲನಾಮವಾಯಿತು.

ಕರಾರು ಮುಗಿದ ಮೇಲೂ ಇಲ್ಲಿಯೇ ಉಳಿದವರ ಮೇಲೆ 1895ರ ಕಾನೂನು ವರ್ಷಕ್ಕೆ ಮೂರು ಪೌಂಡುಗಳ ತೆರಿಗೆ ಹೇರಿತು. ಅದರ ವಿರುದ್ಧ ಗಾಂಧೀಜಿಯ ನೇತೃತ್ವದಲ್ಲಿ 1913ರಲ್ಲಿ ನಡೆದ ಮುಷ್ಕರದಲ್ಲಿ ನ್ಯೂಕ್ಯಾಸಲ್‌ನ ಕಲ್ಲಿದ್ದಲು ಗಣಿ ಕಾರ್ಮಿಕರೂ ಕರಾವಳಿಯ ತೋಟದಾಳುಗಳೂ ಕೆಲಸ ನಿಲ್ಲಿಸಿದರು. 1914ರಲ್ಲಿ ತೆರಿಗೆ ರದ್ದಾಯಿತು. 1893ರಲ್ಲಿ ಗಾಂಧೀಜಿಯನ್ನು ರೈಲಿನಿಂದ ಹೊರದಬ್ಬಿದ ಘಟನೆ ನಡೆದುದು ಪೀಟರ್‌ಮಾರಿಟ್ಜ್‌ಬರ್ಗ್ ನಿಲ್ದಾಣದಲ್ಲಿ. ಅವರು 1904ರಲ್ಲಿ ಸ್ಥಾಪಿಸಿದ ಫೀನಿಕ್ಸ್ ಆಶ್ರಮಕ್ಕೆ ಹತ್ತಿರದಲ್ಲಿಯೇ, ಇನಂಡಾದಲ್ಲಿ, ಜಾನ್ ದುಬೆಯವರ ಓಹ್ಲಾಂಗೆ ಶಾಲೆಯಿದೆ. ದುಬೆಯವರು ಮುಂದೆ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಆಗಿ ಬೆಳೆದ ಸಂಘಟನೆಯ ಮೊದಲ ಅಧ್ಯಕ್ಷರು. ನೆಲ್ಸನ್ ಮಂಡೇಲಾ 1994ರಲ್ಲಿ ತಮ್ಮ ಜೀವನದ ಮೊದಲ ಮತವನ್ನು ಚಲಾಯಿಸಲು ಆರಿಸಿಕೊಂಡುದು ಆ ಶಾಲೆಯನ್ನು.

ಆಫ್ರಿಕನ್ ಮತ್ತು ಭಾರತೀಯ ಸಮುದಾಯಗಳ ಸಂಬಂಧವನ್ನು ಕೇವಲ ಸಹಹೋರಾಟದ ಕಥೆಯಾಗಿ ಹೇಳುವುದು ಸರಿಯಾಗದು. 1949ರ ಜನವರಿಯಲ್ಲಿ ಡರ್ಬನ್‌ನಲ್ಲಿ ನಡೆದ ಗಲಭೆಯಲ್ಲಿ 142 ಜನ ಸತ್ತರು. 2021ರ ಜುಲೈ ಗಲಭೆಗಳ ವೇಳೆ ಫೀನಿಕ್ಸ್ ಬಡಾವಣೆಯಲ್ಲಿ 30ಕ್ಕೂ ಹೆಚ್ಚು ಜನರ ಕೊಲೆಯಾಯಿತು. ಸತ್ತವರಲ್ಲಿ ಬಹುಪಾಲು ಕಪ್ಪು ಆಫ್ರಿಕನ್ನರು. ಎರಡೂ ಸಂದರ್ಭಗಳಲ್ಲಿ ತಕ್ಷಣದ ಪ್ರಚೋದನೆ ಬೇರೆ ಬೇರೆಯಾಗಿದ್ದರೂ, ಜನಾಂಗವಾರು ಬೇರ್ಪಡಿಸಿ ಅಕ್ಕಪಕ್ಕದಲ್ಲಿ ಇರಿಸಿದ ಬಡಾವಣೆಗಳ ನಡುವಿನ ಅಪನಂಬಿಕೆ ಹಿನ್ನೆಲೆಯಲ್ಲಿತ್ತು.

ಆರೋಗ್ಯ

ಪುರುಷರ ವಲಸೆ ದುಡಿಮೆ, ಬಡತನ ಮತ್ತು ದೂರದ ಆಸ್ಪತ್ರೆಗಳು ಎಚ್‌ಐವಿ ಸೋಂಕಿನ ಹರಡುವಿಕೆಗೆ ನೆರವಾದವು. 2017ರ ರಾಷ್ಟ್ರೀಯ ಸಮೀಕ್ಷೆಯಂತೆ ಪ್ರಾಂತ್ಯದ 15ರಿಂದ 49 ವಯಸ್ಸಿನವರಲ್ಲಿ ಶೇ 27ರಷ್ಟು ಜನರಿಗೆ ಸೋಂಕಿತ್ತು. ಸರ್ಕಾರಿ ಆಸ್ಪತ್ರೆಗಳಲ್ಲಿ 2004ರಿಂದ ಉಚಿತ ಚಿಕಿತ್ಸೆ ಆರಂಭವಾದುದರ ಪರಿಣಾಮ ಉತ್ತರದ ಉಮ್‌ಖಾನ್ಯಾಕುಡೆ ಜಿಲ್ಲೆಯ ಒಂದು ಗ್ರಾಮೀಣ ಪ್ರದೇಶದಲ್ಲಿ ಸ್ಪಷ್ಟವಾಗಿ ದಾಖಲಾಗಿದೆ: ಅಲ್ಲಿ ವಯಸ್ಕರ ನಿರೀಕ್ಷಿತ ಜೀವಿತಾವಧಿ 2003ರಲ್ಲಿ ಸುಮಾರು 49 ವರ್ಷ ಇದ್ದುದು 2011ರಲ್ಲಿ ಸುಮಾರು 60ಕ್ಕೆ ಏರಿತು. ಎಂಟು ವರ್ಷಗಳಲ್ಲಿ ಇಷ್ಟು ಏರಿಕೆ ಜನಸಂಖ್ಯಾಶಾಸ್ತ್ರದಲ್ಲಿ ಅಪರೂಪ.

ಆಡಳಿತ ವಿಭಾಗಗಳು

ಪ್ರಾಂತ್ಯವು ಎಥೆಕ್ವಿನಿ ಮಹಾನಗರ ಮತ್ತು ಹತ್ತು ಜಿಲ್ಲಾ ಪುರಸಭೆಗಳನ್ನು ಒಳಗೊಂಡಿದೆ: ಅಮಾಜುಬಾ, ಜುಲುಲ್ಯಾಂಡ್, ಉಮ್‌ಖಾನ್ಯಾಕುಡೆ, ಕಿಂಗ್ ಚೆತ್ಸ್ವಾಯೊ, ಇಲೆಂಬೆ, ಉಗು, ಹ್ಯಾರಿ ಗ್ವಾಲಾ, ಉಮ್‌ಗುಂಗುಂಡ್ಲೊವು, ಉಥುಕೆಲಾ ಮತ್ತು ಉಮ್‌ಜಿನ್ಯಾಥಿ. 1994ರ ನಂತರ ಉಲುಂಡಿ ಮತ್ತು ಪೀಟರ್‌ಮಾರಿಟ್ಜ್‌ಬರ್ಗ್ ನಡುವೆ ರಾಜಧಾನಿಗಾಗಿ ಹಗ್ಗಜಗ್ಗಾಟ ನಡೆದು, 2004ರಲ್ಲಿ ಎರಡನೆಯದೇ ನಿಶ್ಚಿತವಾಯಿತು. 2006ರಲ್ಲಿ ಸಂವಿಧಾನ ತಿದ್ದುಪಡಿಯ ಮೂಲಕ ಉಮ್‌ಜಿಂಕುಲು ಪ್ರದೇಶವು ಈಸ್ಟರ್ನ್ ಕೇಪ್‌ನಿಂದ ಇಲ್ಲಿಗೂ, ಮಟಾಟಿಯೆಲೆ ಇಲ್ಲಿಂದ ಅಲ್ಲಿಗೂ ವರ್ಗಾವಣೆಯಾದವು. ಹಳೆಯ ಮತ್ತು ಹೊಸ ಪುಸ್ತಕಗಳಲ್ಲಿ ಪ್ರಾಂತ್ಯದ ವಿಸ್ತೀರ್ಣ ಬೇರೆ ಬೇರೆಯಾಗಿ ಕಾಣಿಸಲು ಈ ಗಡಿ ಬದಲಾವಣೆಯೇ ಮುಖ್ಯ ಕಾರಣ.